ಓರೆಗೆರೆಯ ಹಿಂದಿನ ದೊಡ್ಡಪ್ಪ

ತುಮಕೂರಿನ ನಮ್ಮ ಮನೆಯ ವೆಬ್ ಸರ್ವರನ್ನು ಇಡೀ ಜಗತ್ತಿನಲ್ಲಿ ನೋಡಬಲ್ಲ ಕಂಪ್ಯೂಟರ್ ಒಂದೇ ಒಂದು. ಅದೂ ಸರ್ವರ್ ಇದ್ದ ಮೇಜಿನ ಮೇಲೇ, ಮೊಳದುದ್ದದ ಕೇಬಲ್‌ನ ಇನ್ನೊಂದು ತುದಿಯಲ್ಲಿ ಕೂತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಗುಬ್ಬಿಯ ದೊಡ್ಡಪ್ಪ ಅಕ್ಕನ ನಿಶ್ಚಿತಾರ್ಥಕ್ಕೆ ಬರುವುದಿಲ್ಲ ಎಂದದ್ದು ಈ ಸರ್ವರ್‌ನಿಂದಾಗಿ.

ಎರಡು ಸಾವಿರದ ಇಸವಿ ದಾಟಿದ ಹೊಸತು, ನಾನು ಕಾಲೇಜಿನಲ್ಲಿದ್ದೆ. ಕಲಿಯುವ ಹುಮ್ಮಸ್ಸಿನಲ್ಲಿ ಮನೆತನದ ಪ್ರತಿಯೊಬ್ಬರಿಗೂ ಸರ್ವರ್‌ನಲ್ಲಿ ಒಂದೊಂದು ಡೈರೆಕ್ಟರಿ, ಅಂದರೆ ಒಂದೇ ಮನೆಯಲ್ಲಿ ಒಂದೊಂದು ಕೋಣೆ, ಮಾಡಿಕೊಟ್ಟಿದ್ದೆ. ವಿಳಾಸದಲ್ಲಿ ಮನೆತನದ ಹೆಸರು ಮೊದಲು, ಆಮೇಲೊಂದು ಓರೆಗೆರೆ (ಸ್ಲ್ಯಾಶ್), ಅದರ ಹಿಂದೆ ಅವರವರ ಹೆಸರು. ಆಮೇಲೆ ಸಬ್‌ಡೊಮೈನ್ ಎಂಬ ಇನ್ನೊಂದು ಬಗೆಯ ವಿಳಾಸ ಕಲಿತೆ. ಅದರಲ್ಲಿ ಹೆಸರು ಮುಂದೆ, ಮನೆತನ ಹಿಂದೆ. ಅವತ್ತು ಮನೆಗೆ ಬಂದಿದ್ದ ಕುಣಿಗಲ್ ಚಿಕ್ಕಪ್ಪನಿಗೇ ಅದನ್ನು ಮಾಡಿಕೊಟ್ಟೆ. ಅವರು ಅದರ ಪ್ರಿಂಟ್ ತೆಗೆಸಿಕೊಂಡು, ಅಣ್ಣನಿಗೆ ತೋರಿಸಲು ನೆಟ್ಟಗೆ ಗುಬ್ಬಿಗೆ ಹೋದರು.

ಮಾರನೆಯ ದಿನ ದೊಡ್ಡಪ್ಪನ ಫೋನು.

"ಲಗ್ನಪತ್ರಿಕೇಲಿ ಹಿರೀಕರ ಹೆಸ್ರು ಎಲ್ಲಿರ್ತದವ್ವ?"

"ಮೇಲೆ."

"ಇಲ್ಲಿ ಅವ್ನು ಮನೆತನಕ್ಕಿಂತ ಮುಂದೆ, ನಾನು ಗೀಟಿನ ಹಿಂದೆ. ಇದು ಮನೆ ಭಾಗ ಆದಂಗೆ ಕಣವ್ವ."

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದವಳು ಸುಮ್ಮನಿರುತ್ತೇನೆಯೇ? ವಿಳಾಸ ಬೇರೆ, ಮರ್ಯಾದೆ ಬೇರೆ. ಇಬ್ಬರದೂ ಒಂದೇ ಹಾರ್ಡ್ ಡಿಸ್ಕ್. ಮೇಲಾಗಿ ನಿಮ್ಮ ಪುಟ ಖಾಲಿ ಇದೆ ಎಂದೆ.

"ಖಾಲಿ ಬಿದ್ದಿದ್ರೂ ಜಮೀನು ಜಮೀನೇ ಅಲ್ವಾ?"

ರಾಜಿಗೆ ಇಳಿದೆ. "ನಿಮ್ ಹೆಸ್ರನ್ನೂ ಮುಂದೆ ಹಾಕ್ತೀನಿ ಬಿಡಿ."

"ಹಾಕು. ಆಗ ಅವ್ನೂ ನಾನೂ ಸಮ. ನಾನೇನು ಅವನ್ ಜೊತೇಲಿ ಅವಳಿ ಹುಟ್ಟಿದ್ನಾ?"

ನಿಶ್ಚಿತಾರ್ಥಕ್ಕೆ ಬರುವುದಿಲ್ಲ ಎಂದು ಫೋನಿಟ್ಟರು. ಗಂಡಿನ ಕಡೆಯವರೊಡನೆ ತಾಂಬೂಲ ಬದಲಾಯಿಸಬೇಕಾದವರು ಅವರೇ. ಅಕ್ಕ ನನ್ನ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ನೀನು ವಾದ ಗೆದ್ದು ನನ್ ಕಾರ್ಯ ನಿಂತ್ರೆ, ಆ ಡಬ್ಬಾನ ಕೆರೆಗೆ ಹಾಕ್ತೀನಿ ಕಣೇ," ಎಂದಳು.

ಎರಡು ದಿನ ಸರ್ವರ್‌ನ ಕೈಪಿಡಿ ಓದಿದೆ. ಬಂದವರು ಒತ್ತಿದ ವಿಳಾಸ ಯಾರದಕ್ಕೂ ಹೊಂದದಿದ್ದರೆ, ಸರ್ವರ್‌ನ ಕಡತದಲ್ಲಿ ಯಾರ ಹೆಸರು ಮೊದಲಿದೆಯೋ ಅವರ ಪುಟವನ್ನೇ ಅದು ತೋರಿಸುತ್ತದೆ. ದೊಡ್ಡಪ್ಪನಿಗೂ ಸಬ್‌ಡೊಮೈನ್ ಮಾಡಿ, ಅದನ್ನು ಎಲ್ಲರಿಗಿಂತ ಮೊದಲು ಬರೆದು ಫೋನ್ ಮಾಡಿದೆ.

"ವಿಳಾಸ ತಪ್ಪಿ ಬಂದೋರೆಲ್ಲ ಇನ್ಮೇಲೆ ನಿಮ್ ಹತ್ರಾನೇ ಬರ್ತಾರೆ ದೊಡ್ಡಪ್ಪ."

"ಅವನ್ ಹತ್ರ?"

"ಅವರ ಹೆಸ್ರು ಸರಿಯಾಗಿ ಬರ್ದೋರು ಮಾತ್ರ."

"ಹಂಗಿರ್ಬೇಕು," ಎಂದರು.

ಬಂದರು. ತಾಂಬೂಲ ಬದಲಾಯಿಸಿದರು. ಬೀಗರನ್ನು ಕಳಿಸಿ ನೇರ ಕಂಪ್ಯೂಟರ್ ಮುಂದೆ ಕೂತು, ತಪ್ಪು ವಿಳಾಸ ಒತ್ತಲು ಹೇಳಿದರು. ಒತ್ತಿದೆ. ಅವರ ಖಾಲಿ ಪುಟ ತೆರೆಯಿತು.

"ಬಂದ್ರಾ?"

"ಬಂದ್ರು ದೊಡ್ಡಪ್ಪ."

"ಮತ್ತೆ ಸುಮ್ನೆ ನಿಲ್ಸಿದೀಯಲ್ಲ. ಊಟ ಆಯ್ತಾ ಅಂತ ಬರಿ."