ಪಿಂಕಿಗೆ ನಾನು ಕೊಟ್ಟ ಮಾತ್ರೆ

ಮೊದಲು ಗಮನಕ್ಕೆ ಬಂದದ್ದು ನೀರು. ನಮ್ಮ ನಾಯಿ ಪಿಂಕಿಯ ಸ್ಟೀಲ್ ಬಟ್ಟಲಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಹಾಕಿದರೆ ಸಾಕಾಗುತ್ತಿತ್ತು. ಈ ಜನವರಿಯಲ್ಲಿ ಮಾತ್ರ ನಾನು ಕುಕ್ಕರ್ ಇಟ್ಟು ಬರುವಷ್ಟರಲ್ಲಿ ಬಟ್ಟಲು ಖಾಲಿ. ಮತ್ತೆ ತುಂಬಿಸಿದರೆ ಮತ್ತೆ ಖಾಲಿ. ಬರೋಡಾದ ಚಳಿಗೆ ನಾವೇ ನೀರು ಮುಟ್ಟಲು ಹಿಂದೆಮುಂದೆ ನೋಡುವ ದಿನಗಳು.

"ಅಮ್ಮ, ಪಿಂಕಿ ಇಷ್ಟು ಪಾನಿ ಯಾಕೆ ಕುಡೀತಾಳೆ?" ಎಂದು ಮಗಳು ಶ್ರುತಿ ಕೇಳಿದಳು. ಅವಳು ಎಂಟನೇ ಕ್ಲಾಸು. ಮನೆಯಲ್ಲಿ ಅವಳ ಕನ್ನಡ ಇಷ್ಟೇ, ಅರ್ಧ ಹಿಂದಿ.

"ಖಾರದ್ದೇನೋ ತಿಂದಿರ್ತಾಳೆ ಬಿಡು" ಎಂದೆ.

ಎರಡು ದಿನ ಬಿಟ್ಟು ಹಿಂದಿನ ವರಾಂಡದ ನೆಲದ ಮೇಲೆ ಕಂದು ಕಲೆಗಳು ಕಂಡವು. ನನಗೆ ಗಾಬರಿಯಾಗಲಿಲ್ಲ. ನಿಜ ಹೇಳಬೇಕೆಂದರೆ ಸಮಾಧಾನವಾಯಿತು. ಅಂತೂ ಸರಿಯಾಗಿ ಹೀಟ್‌ಗೆ ಬಂದಳಲ್ಲ, ಬೆದೆ ಶುರುವಾಯಿತಲ್ಲ ಅಂದುಕೊಂಡೆ.

ಆ ಸಮಾಧಾನ ಯಾಕೆ ಎನ್ನುವುದು ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮವರು ವಿಮಾ ಕಂಪನಿಯ ನೌಕರಿಯಲ್ಲಿ ತುಮಕೂರಿನಿಂದ ವರ್ಗವಾಗಿ ಬಂದು ಐದು ವರ್ಷವಾಯಿತು. ಫತೇಗಂಜಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ ಕೆಳಗಿನ ಮನೆ. ಪಾಮೆರೇನಿಯನ್ ಜಾತಿಯ ಪಿಂಕಿಗೆ ಈಗ ಮೂರು ವರ್ಷ. ಆರು ತಿಂಗಳಿಗೊಮ್ಮೆ ಹೀಟ್‌ಗೆ ಬರುತ್ತಿದ್ದಳು. ಆಗ ಇಪ್ಪತ್ತು ದಿನ ಓಣಿಯ ಗಂಡುನಾಯಿಗಳೆಲ್ಲ ನಮ್ಮ ಗೇಟಿನ ಮುಂದೆ ಠಿಕಾಣಿ ಹೂಡುತ್ತಿದ್ದವು. ಅಕ್ಕಪಕ್ಕದವರು ಗೊಣಗುವರು. ಪಿಂಕಿಗೆ ಹಿಂದಿನ ವರಾಂಡವೇ ಗತಿ. ಅದು ಅತ್ತೆಯವರ ಕಟ್ಟಳೆ. ಮನೆಯ ಹೆಂಗಸರಿಗೇ ಆ ದಿನಗಳಲ್ಲಿ ಅಡುಗೆಮನೆ ಇಲ್ಲದಿರುವಾಗ ನಾಯಿಗೆ ಒಳಗೇನು ಕೆಲಸ ಎನ್ನುವುದು ಅವರ ವಾದ.

ಕಳೆದ ಶ್ರಾವಣದಲ್ಲಿ ಮಾವನವರ ತಿಥಿ ಬಂತು. ಇವರಿಗೆ ಊರಿಗೆ ಹೋಗಲು ರಜೆ ಸಿಗಲಿಲ್ಲ. ತಿಥಿಯನ್ನು ಇಲ್ಲೇ ಮಾಡುವುದೆಂದು ಊರಿನಿಂದ ಬಂದ ಅತ್ತೆ ಆಮೇಲೆ ನಮ್ಮೊಡನೆಯೇ ಉಳಿದರು. ತಿಥಿಯ ಅಡುಗೆ ನಾಯಿಯ ಕಣ್ಣಿಗೂ ಬೀಳಬಾರದು. ಅವತ್ತು ಪಿಂಕಿಯನ್ನು ಪಕ್ಕದ ಮನೆಯ ಕೋಕಿಲಾಬೆನ್ ಇಟ್ಟುಕೊಳ್ಳುವುದಾಗಿ ಒಪ್ಪಿದ್ದರು. ಆದರೆ ಅವರ ನಾಯಿ ಮೋತಿ ಗಂಡು. ಪಿಂಕಿಯ ಹೀಟ್ ಸರಿಯಾಗಿ ಅದೇ ವಾರಕ್ಕೆ ಬೀಳುವುದಿತ್ತು. ನನ್ನ ದಿನಗಳೂ ಅದೇ ವಾರಕ್ಕೆ.

ನನ್ನದು ನನಗೆ ಕಷ್ಟವಾಗಿರಲಿಲ್ಲ. ಹಬ್ಬ, ವ್ರತ, ತಿಥಿ ಎಂದರೆ ನಾಲ್ಕು ದಿನ ಮೊದಲೇ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಮುಟ್ಟನ್ನು ಮುಂದೂಡುವುದು ಮದುವೆಯಾದಾಗಿನಿಂದ ನಡೆದುಬಂದಿತ್ತು. ನನ್ನ ಅಕ್ಕಂದಿರೂ ಹಾಗೇ ಮಾಡುತ್ತಿದ್ದರು. ಯಾರೂ ಯಾವ ಡಾಕ್ಟರನ್ನೂ ಕೇಳಿದವರಲ್ಲ. ಆ ಸಲ ಮಾತ್ರೆಯನ್ನು ಬಾಯಿಗೆ ಹಾಕಿಕೊಳ್ಳುವಾಗ ಕಾಲ ಬಳಿ ಪಿಂಕಿ ಕೂತಿದ್ದಳು. ಇನ್ನೊಂದನ್ನು ಮುರಿದು ಅರ್ಧವನ್ನು ಹಾಲು ಅನ್ನದಲ್ಲಿ ಕಲಸಿಬಿಟ್ಟೆ. ಒಂದು ವಾರ ಹಾಗೆ ಕೊಟ್ಟೆ. ಅವಳಿಗೆ ಹೀಟ್ ಬರಲಿಲ್ಲ, ತಿಥಿ ಸಾಂಗವಾಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ದೀಪಾವಳಿಗೆ ಸೂರತ್‌ನಿಂದ ನಾದಿನಿಯ ಸಂಸಾರ ಬರುವುದಿತ್ತು. ಆಗಲೂ ಕೊಟ್ಟೆ.

ಅಲ್ಲಿಂದ ಎಲ್ಲ ಏರುಪೇರಾಯಿತು. ಎರಡು ದಿನ ಕಲೆ, ಹತ್ತು ದಿನ ಏನೂ ಇಲ್ಲ, ಮತ್ತೆ ಒಂದು ದಿನ ಕಲೆ. ಗೇಟಿನ ನಾಯಿಗಳು ಬರುವುವು, ಮೂಸಿ ಹೋಗುವುವು. ತಾನಾಗಿ ಸರಿಹೋದೀತು ಎಂದು ಸುಮ್ಮನಿದ್ದೆ. ನನಗೂ ಮಾತ್ರೆ ಬಿಟ್ಟ ಮೇಲೆ ಒಂದೆರಡು ತಿಂಗಳು ಹಾಗೇ ಆಗುತ್ತಿತ್ತು.

ಜನವರಿಯ ಆ ಕಲೆಗಳು ಮೂರನೇ ದಿನಕ್ಕೆ ವಾಸನೆ ಹೊಡೆಯತೊಡಗಿದವು. ಪಿಂಕಿ ಊಟ ಬಿಟ್ಟಳು. ಶ್ರುತಿ ಅವಳನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡಳು. ಇಬ್ಬರೂ ಆಟೋ ಹಿಡಿದು ಪ್ರಾಣಿಗಳ ಡಾಕ್ಟರ ಬಳಿ ಹೋದೆವು.

ಡಾಕ್ಟರು ಥರ್ಮಾಮೀಟರ್ ಇಟ್ಟರು, ಹೊಟ್ಟೆ ಒತ್ತಿ ನೋಡಿದರು. ಹಿಂದಿಯಲ್ಲಿ ಕೇಳಿದರು: "ಹೀಟ್ ನಿಲ್ಲಿಸೋಕೆ ಇಂಜೆಕ್ಷನ್, ಟ್ಯಾಬ್ಲೆಟ್, ಏನಾದ್ರೂ ಕೊಟ್ಟಿದ್ದೀರಾ ಬೆನ್?"

ಶ್ರುತಿ ನನ್ನ ಮುಖ ನೋಡುತ್ತಿದ್ದಳು.

"ಇಲ್ಲ" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಾಚಿಕೆಯೇ ಇರಬೇಕು. ಪರಗಂಡಸಿನ ಎದುರು ಆ ಮಾತ್ರೆಯ ಹೆಸರು ಹೇಳುವುದು ಹೇಗೆ, ಅದು ಮನೆಯಲ್ಲಿ ಯಾಕಿತ್ತು ಎಂದು ಮಗಳು ಕೇಳಿದರೆ ಏನನ್ನುವುದು ಎಂದು ನಾಲಿಗೆ ಹಿಂದೆ ಸರಿಯಿತು. ಡಾಕ್ಟರು ನನ್ನ ಮಾತನ್ನು ನಂಬಿದರು. ವಯಸ್ಸು ಚಿಕ್ಕದು, ಜ್ವರ ಹೆಚ್ಚಿಲ್ಲ, ಸಣ್ಣ ಇನ್ಫೆಕ್ಷನ್ ಇರಬಹುದು ಎಂದರು. ಆಂಟಿಬಯೋಟಿಕ್ ಬರೆದು, ಉತ್ತರಾಯಣ ಮುಗಿಸಿಕೊಂಡು ಬನ್ನಿ, ವಾಂತಿಯಾದರೆ ಮಾತ್ರ ಕಾಯಬೇಡಿ ಎಂದರು.

ಉತ್ತರಾಯಣ ಎಂದರೆ ಇಲ್ಲಿಯವರ ಸಂಕ್ರಾಂತಿ; ಆ ಎರಡು ದಿನ ಈ ಊರು ನೆಲದ ಮೇಲೆ ಇರುವುದಿಲ್ಲ. ಎಲ್ಲರೂ ಮಾಳಿಗೆಯ ಮೇಲೆ, ಗಾಳಿಪಟ, ಲೌಡ್‌ಸ್ಪೀಕರ್, ಕೂಗಾಟ. ಶ್ರುತಿ ಮೇಲೆ ಹೋಗಲಿಲ್ಲ. ವರಾಂಡದಲ್ಲಿ ಪಿಂಕಿಯ ಪಕ್ಕ ಗೋಣಿಚೀಲದ ಮೇಲೆ ಕೂತೇ ಇದ್ದಳು. ಎರಡನೆಯ ದಿನ ಮಧ್ಯಾಹ್ನ ಪಿಂಕಿ ಹಳದಿ ವಾಂತಿ ಮಾಡಿದಳು. ಎದ್ದು ನಿಲ್ಲಲು ನೋಡಿ ಕುಸಿದಳು. ಹೊಟ್ಟೆ ಉಬ್ಬಿ ಬಿಗಿಯಾಗಿತ್ತು.

ಕ್ಲಿನಿಕ್ ಮುಚ್ಚಿತ್ತು. ಡಾಕ್ಟರ ಮನೆ ಅದರ ಮೇಲೆಯೇ. ನಮ್ಮವರು ರಸ್ತೆಯಲ್ಲಿ ನಿಂತು ಮಾಳಿಗೆಯತ್ತ ಕೂಗಿದರು. ಅವರು ಇಳಿದು ಬಂದರು. ಪಟದ ದಾರ ಕೊಯ್ಯದಿರಲೆಂದು ಬೆರಳುಗಳಿಗೆ ಸುತ್ತಿದ್ದ ಟೇಪನ್ನು ಒಂದೊಂದಾಗಿ ಕಿತ್ತು ಕೈ ತೊಳೆದರು.

"ಡಾಕ್ಟರ್, ನಾನು ಟ್ಯಾಬ್ಲೆಟ್ ಕೊಟ್ಟಿದ್ದೆ" ಎಂದೆ. ಯಾವ ಮಾತ್ರೆ, ಎಷ್ಟು, ಯಾವಾಗ, ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. "ಅವತ್ತೇ ಹೇಳಿದ್ದರೆ ಅವತ್ತೇ ಆಪರೇಷನ್ ಮಾಡ್ತಿದ್ದೆ" ಎಂದರು, ಅಷ್ಟೇ. ಪಯೋಮೆಟ್ರಾ. ಗರ್ಭಕೋಶದ ತುಂಬ ಕೀವು. ಆ ಹಾರ್ಮೋನು ನಾಯಿಯ ಮೈಯಲ್ಲಿ ಗರ್ಭ ನಿಂತಂತೆಯೇ ಕೆಲಸ ಮಾಡುತ್ತದಂತೆ, ಒಳಪದರ ದಪ್ಪವಾಗಿ ಸೋಂಕಿಗೆ ಜಾಗ ಮಾಡಿಕೊಡುತ್ತದಂತೆ. ಬಾಯಾರಿಕೆ ಅದರದೇ ಲಕ್ಷಣ. ನಾನು ಹೀಟ್ ಎಂದುಕೊಂಡು ಸಮಾಧಾನಪಟ್ಟದ್ದು ಕೀವನ್ನು ನೋಡಿ.

ಸಿಟ್ಟು ಬಂದಾಗ ಶ್ರುತಿಗೆ ಕನ್ನಡ ಬರುವುದಿಲ್ಲ. "ಝೂಠ್ ಬೋಲಾ ನಾ ತುಮ್‌ನೇ?" ಎಂದಳು. ಸುಳ್ಳು ಹೇಳಿದೆ ಅಲ್ವಾ ನೀನು. ನಾನು ಹೌದು ಎಂದೆ. ಅವಳು ಹೋಗಿ ಅಪ್ಪನ ಪಕ್ಕ ನಿಂತಳು.

ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಉಳಿಯುತ್ತಾಳೆ ಎಂದು ಭರವಸೆ ಕೊಡಲಿಲ್ಲ. ಡ್ರಿಪ್ ಹಾಕಿದ ಮುಂಗಾಲಿನ ಬಿಳಿ ಕೂದಲು ಬೋಳಿಸಿದ್ದರು. ಕೂದಲಿಲ್ಲದ ಆ ಕಾಲು ಎಷ್ಟು ಸಣ್ಣದಿತ್ತೆಂದರೆ ನೋಡಲಾಗದೆ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮೇಲೆ ಆಕಾಶದ ತುಂಬ ಪಟಗಳು.

ಮನೆಗೆ ಬಂದು ಅತ್ತೆಗೂ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೇಳಿದೆ. ಒಳಗೊಳಗೆ, ಎಲ್ಲ ಇವರ ಮಡಿಯಿಂದಲೇ ಆದದ್ದು ಎಂಬ ಸಿಟ್ಟೂ ಇತ್ತು.

"ಹೊರಗಿಡು ಅಂತ ಹೇಳಿದ್ದೆ ಕಣಮ್ಮ. ಔಷಧಿ ಹಾಕು ಅಂತ ಯಾರು ಹೇಳಿದ್ರು ನಿಂಗೆ?"

ಯಾರೂ ಹೇಳಿರಲಿಲ್ಲ.

ಬತ್ತಿ ಹೊಸೆಯುತ್ತಲೇ ಕೇಳಿದರು: "ನೀನು ಎಷ್ಟು ವರ್ಷದಿಂದ ನುಂಗ್ತಾ ಇದೀಯ?"

"ಹದಿನಾಲ್ಕು."

"ಹಬ್ಬದ ದಿನ ಒಂದ್ಸಲನೂ ಅಡ್ಡ ಬರಲ್ವಲ್ಲ, ಪುಣ್ಯವಂತೆ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೆ" ಎಂದರು. ಕಣ್ಣೊರೆಸಿಕೊಂಡದ್ದು ನಾಯಿಗಾಗಿಯೋ ನನಗಾಗಿಯೋ ತಿಳಿಯಲಿಲ್ಲ.

ಪಿಂಕಿ ಆರನೆಯ ದಿನ ಮನೆಗೆ ಬಂದಳು. ಮೂಳೆ ಎಣಿಸಬಹುದು. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದರು. ಕಿಡ್ನಿಗೆ ಪೆಟ್ಟು ಬಿದ್ದಿದೆ, ಎಷ್ಟು ಎಂದು ಈಗಲೇ ಹೇಳಲಾಗದು, ಕುಡಿಯುವ ನೀರನ್ನು ಅಳೆದು ಬರೆದಿಡಿ ಎಂದರು ಡಾಕ್ಟರು. ಹೊರಡುವಾಗ ನಾನೇ ಕೇಳಿದೆ, ಏನು ಮಾಡಬೇಕಿತ್ತು ಎಂದು. ಹೀಟಿನ ತಾರೀಕು ಕ್ಯಾಲೆಂಡರಿನಲ್ಲಿ ಬರೆಯುವುದು, ಅಷ್ಟು ದಿನ ಬಾಗಿಲು ಹಾಕಿಕೊಂಡು ಒಳಗೇ ಇಟ್ಟುಕೊಳ್ಳುವುದು, ಹೊರಗೆ ಹೋದರೆ ಚೈನು ಬಿಡದಿರುವುದು, ಲೆಕ್ಕ ತಪ್ಪಿದರೆ ಬಂದು ತೋರಿಸುವುದು, ಮರಿ ಬೇಡವಾದರೆ ಗಟ್ಟಿಮುಟ್ಟಾಗಿರುವಾಗಲೇ ಆಪರೇಷನ್ ಮಾಡಿಸುವುದು. ಇಷ್ಟೇ ಅಂತೆ. ಇದರಲ್ಲಿ ನನ್ನಿಂದ ಆಗದಿರುವಂಥದ್ದು ಯಾವುದೂ ಇರಲಿಲ್ಲ.

ಪಿಂಕಿ ಈಗ ಹಾಲ್‌ನಲ್ಲಿ ಮಲಗುತ್ತಾಳೆ. ಅತ್ತೆ ಏನೂ ಅನ್ನುವುದಿಲ್ಲ. ಆದರೆ ಶ್ರುತಿ ನನಗೆ ಬಟ್ಟಲು ಮುಟ್ಟಲು ಬಿಡುತ್ತಿರಲಿಲ್ಲ. ಅನ್ನ ಅವಳೇ ಕಲಸುವಳು, ನೀರು ಅಳೆಯುವಳು, ಔಷಧಿ ತನ್ನ ಸ್ಕೂಲ್ ಬ್ಯಾಗಿನಲ್ಲೇ ಇಟ್ಟುಕೊಳ್ಳುವಳು. ನನ್ನೊಡನೆ ಬೇಕಾದಷ್ಟೇ ಮಾತು. ಯಾಕೆ ಎಂದು ಕೇಳುವ ಮುಖ ನನಗಿರಲಿಲ್ಲ.

ಈ ಸೋಮವಾರ ಅವಳಿಗೆ ಟೆಸ್ಟು. ಮಧ್ಯಾಹ್ನದ ಔಷಧಿಯ ಹೊತ್ತಿಗೆ ಬರಲಾಗುತ್ತಿರಲಿಲ್ಲ. ಅಪ್ಪ ಆಫೀಸಿನಲ್ಲಿ, ಅಜ್ಜಿಗೆ ಕಣ್ಣು ಮಂದ. ಯೂನಿಫಾರ್ಮ್ ಹಾಕಿಕೊಂಡು ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಬಂದು ಬ್ಯಾಗಿನಿಂದ ಔಷಧಿಯ ಸ್ಟ್ರಿಪ್ ತೆಗೆದು, ಕತ್ತರಿಯಿಂದ ಒಂದೇ ಒಂದು ಮಾತ್ರೆಯಿರುವ ತುಂಡನ್ನು ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು.

"ಒಂದು ಗಂಟೆಗೆ. ಅನ್ನದ ಜೊತೆ" ಎಂದಳು.

ಉಳಿದದ್ದನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡು ಹೋದಳು.