ಹುಡುಗಿಯರ ಪಾಯಖಾನೆಯ ಕೀಲಿಕೈ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹುಬ್ಬಳ್ಳಿಯ ಹೈಸ್ಕೂಲಿಗೆ ನಾನು ಸೇರಿದಾಗ ನಮ್ಮ ವರ್ಗದಲ್ಲಿ ಹುಡುಗಿಯರು ಇಬ್ಬರೇ, ನಾನು ಮತ್ತು ನನ್ನ ಗೆಳತಿ. ನಮ್ಮನ್ನು ಸೇರಿಸಿಕೊಂಡ ತಮ್ಮ ಸುಧಾರಣೆಯ ಬಗ್ಗೆ ಹೆಡ್‌ಮಾಸ್ತರರು ವಾರ್ಷಿಕ ಗ್ಯಾದರಿಂಗಿನಲ್ಲಿ ಉದ್ದನೆಯ ಭಾಷಣ ಮಾಡಿದರು. ನಮಗೆ ಪಾಯಖಾನೆ ಮಾತ್ರ ಇರಲಿಲ್ಲ. ಬೆಳಿಗ್ಗೆ ನೀರು ಕುಡಿಯದೆ ಬಂದು, ಸಂಜೆ ಐದರವರೆಗೆ ತಡೆದುಕೊಂಡು ಕೂಡುತ್ತಿದ್ದೆವು.

ಮರುವರ್ಷ ಇನ್ಸ್‌ಪೆಕ್ಟರು ಬರುತ್ತಾರೆಂದು ಹಿತ್ತಲಲ್ಲಿ ತಗಡಿನ ಬಾಗಿಲಿನ ಒಂದು ಕೋಣೆ ಎದ್ದಿತು. ಅವರು ನೋಡಿ ಹೋದ ಮರುದಿನವೇ ಅದಕ್ಕೆ ಕೀಲಿ ಬಿತ್ತು. ಗಂಡುಹುಡುಗರು ಹೊಲಸು ಮಾಡುತ್ತಾರೆ ಎಂಬುದು ಕಾರಣ. ಕೀಲಿಕೈ ಮಾಸ್ತರರ ಕೋಣೆಯ ಗೋಡೆಗೆ ತೂಗುತ್ತಿತ್ತು. ಎಂಟು ಹತ್ತು ಗಂಡಸರ ಮುಂದೆ ನಿಂತು ಕೇಳಬೇಕು.

"ಯಾಕವಾ, ಮತ್ತ ಬೇಕಾತೇನು? ಮುಂಜಾನಿ ಒಯ್ದಿದ್ದಿಯಲ್ಲಾ?" ಎಂದು ಒಂದು ದಿನ ಲೆಕ್ಕದ ಮಾಸ್ತರರು ಎಲೆಯಡಿಕೆ ಮೆಲ್ಲುತ್ತ ಗೆಳತಿಯನ್ನು ಕೇಳಿದರು. ಉಳಿದವರು ಪೇಪರಿನ ಮರೆಯಲ್ಲಿ ಕಿಸಕ್ಕನೆ ನಕ್ಕರು. ಇಸ್ತ್ರಿಯ ಧೋತರ ಉಟ್ಟ, ನಮಗೆ ನೀತಿಪಾಠ ಹೇಳುತ್ತಿದ್ದ ಮಂದಿ.

ಗೆಳತಿ ಆಮೇಲೆ ಮಾಸ್ತರರ ಕೋಣೆಯ ಕಡೆ ಹೋಗಲೇ ಇಲ್ಲ. ಅದೇ ಮಾಸ್ತರರು ಬೋರ್ಡಿನ ಮೇಲೆ ತಡವರಿಸುತ್ತಿದ್ದ ಲೆಕ್ಕವನ್ನು ಕೂತಲ್ಲೇ ಬಿಡಿಸುವವಳು ಅವಳು. ದೀಪಾವಳಿಯ ರಜೆಗೆ ಮುಂಚೆ ಅವಳಿಗೆ ಉರಿಮೂತ್ರ, ಚಳಿಜ್ವರ. ನೀರು ಕುಡಿಯದೆ, ತಡೆದುಕೊಂಡೇ ಹೀಗಾಗಿದೆ ಎಂದರು ಡಾಕ್ಟರು. ಬಟ್ಟೆ ಅಂಗಡಿಯ ಅವಳ ಅಪ್ಪ ಸಾಲೆಯನ್ನೇ ಬಿಡಿಸಿದ. ನೋಡಲು ಹೋದ ನನ್ನ ಅವ್ವನಿಗೆ, "ಹೆಣ್ಮಕ್ಕಳ ಮೈಗೆ ಹೈಸ್ಕೂಲ ಒಗ್ಗಂಗಿಲ್ಲ ನೋಡ್ರಿ ಅಕ್ಕಾರ" ಎಂದ.

"ಒಗ್ಗಲಾರದ್ದು ಸಾಲಿ ಅಲ್ರಿ, ಆ ಕೀಲಿ. ನಾ ಹೋಗಿ ಹೆಡ್‌ಮಾಸ್ತರ್ರ ಮುಂದ ಹೇಳತೇನಿ" ಎಂದಳು ಅವ್ವ.

"ಇಂಥಾ ಮಾತು ಗಂಡಸರ ಮುಂದ ಆಡತೀರಿ?" ಎಂದು ಆತ ಮುಖ ಸಿಂಡರಿಸಿದ.

ಮರುದಿನ ಅವ್ವ ತಲೆತುಂಬ ಸೆರಗು ಹೊದ್ದು ಹೆಡ್‌ಮಾಸ್ತರರ ಕೋಣೆಗೆ ಬಂದಳು. ಅವಳಿಗೆ ಸಹಿ ಮಾಡಲೂ ಬರುತ್ತಿರಲಿಲ್ಲ. ನಾನು ಬಾಗಿಲ ಬಳಿ ನಿಂತಿದ್ದೆ.

"ಸರ, ಕೀಲಿಕೈ ಹುಡುಗ್ಯಾರ ಕೈಯಾಗ ಕೊಡ್ರಿ."

"ಸಾಲ್ಯಾಗ ಶಿಸ್ತು ಅಂತ ಒಂದು ಇರತದವಾ" ಎಂದರು ಹೆಡ್‌ಮಾಸ್ತರರು.

"ನೀವು ಹೋಗೂವಾಗ ಹತ್ತು ಮಂದೀನ್ನ ಕೇಳಿ ಹೋಗತೀರೇನ್ರಿ?"

ಅವರ ಕಿವಿ ಕೆಂಪಾಯಿತು. ಸಿಪಾಯಿಯನ್ನು ಕರೆದು ಕೀಲಿಕೈ ತರಿಸಿ, ಮುಟ್ಟಬಾರದ ವಸ್ತುವೆಂಬಂತೆ ಪೆನ್ಸಿಲಿನಿಂದ ಮೇಜಿನ ಅಂಚಿಗೆ ತಳ್ಳಿದರು. ಅವ್ವ ಅದನ್ನೆತ್ತಿ ನನಗೆ ಕೊಟ್ಟಳು.

ಸಂಜೆ ಗೆಳತಿಯ ಮನೆಗೆ ಓಡಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಸುದ್ದಿ ಕೇಳಿ ಕಣ್ಣು ಅರಳಿದವು, ಆದರೆ ತಲೆ ತಗ್ಗಿಸಿದಳು. "ಅಪ್ಪ ವರಾ ನೋಡಾಕತ್ತಾನ. ಅವನ ಮುಂದ ನನಗ ಮಾತೇ ಬರೂದಿಲ್ಲ." ಬೇಸಿಗೆಯಲ್ಲಿ ಅವಳ ಮದುವೆಯಾಯಿತು. ಇನ್ನೆರಡು ವರ್ಷ ನಮ್ಮ ವರ್ಗದಲ್ಲಿ ನಾನೊಬ್ಬಳೇ ಹುಡುಗಿ.

ಮೆಟ್ರಿಕ್ ಪಾಸಾದಾಗ ಅವ್ವನ ಜೊತೆ ಸೀರೆ ಕೊಳ್ಳಲು ಆ ಅಂಗಡಿಗೇ ಹೋಗಬೇಕಾಯಿತು. ಗೆಳತಿಯ ಅಪ್ಪ ನನ್ನ ಅಂಕ ಕೇಳಿದ. ಹೇಳಿದೆ. ಗಿರಾಕಿಗಳ ಕಡೆ ತಿರುಗಿ, ಎದೆಯುಬ್ಬಿಸಿ ನಕ್ಕ.

"ನಮ್ಮಾಕಿ ಕಲಿತಿದ್ರ ಈಕಿಗಿಂತ ಹೆಚ್ಚು ತಗೀತಿದ್ಲು! ಖರೇ ಹೇಳತೇನಿ!"

ಅಲ್ಲಿ ಸೀರೆ ಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅವ್ವನ ಕೈ ಹಿಡಿದು ಮೆಟ್ಟಿಲಿಳಿದೆ.