ಬೈರಕೂರಿಗೆ ಒಯ್ದ ಜರ್ಮನ್ ವಾಕ್ಯ

ಮಾಲೂರಿನಿಂದ ಬೆಳಿಗ್ಗೆ ಹೊರಟ ಬಸ್ಸು ವಕ್ಕಲೇರಿ ದಾಟುವಷ್ಟರಲ್ಲೇ ಕೆಟ್ಟು ನಿಂತಿತು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಬೈಯುವುದಕ್ಕೂ ಬಾಯಿಲ್ಲ. ಜರ್ಮನ್ ವಾಕ್ಯಗಳನ್ನು ಜನ ಹೇಗೆ ಓದುತ್ತಾರೆಂಬ ನನ್ನ ಸಂಶೋಧನೆಗೆ ಇನ್ನೊಬ್ಬರು ಓದಿಕೊಟ್ಟರೆ ಸಾಕಿತ್ತು. ಆ ಒಬ್ಬಳು ಬೈರಕೂರಿನ ಶೋಭಾ, ಜರ್ಮನ್ ಕಲಿತ ನರ್ಸು. ಸಂಜೆ ಅವಳು ಡ್ಯೂಟಿಗೆ ಹೊರಟುಬಿಟ್ಟರೆ, ನಾಳೆ ಫಲಿತಾಂಶ ಒಪ್ಪಿಸಬೇಕಾದ ನನ್ನ ದುಡಿಮೆಯೆಲ್ಲ ನೀರಿನಲ್ಲಿ ಹೋಮ.

ಕೋಲಾರದಲ್ಲಿ ಬಸ್ಸು ಬದಲಿಸಿ, ಮುಳಬಾಗಿಲಿನಲ್ಲಿ ನಿಂತುಕೊಂಡೇ ಇಡ್ಲಿ ನುಂಗಿ, ಟೊಮ್ಯಾಟೊ ಕ್ರೇಟುಗಳ ನಡುವೆ ಶೇರ್ ಆಟೊದಲ್ಲಿ ಕೂತೆ. ತಲೆಗೆ ಮೂವತ್ತು ರೂಪಾಯಿ. ಬಿಸಿಲು ಚುರುಗುಟ್ಟುತ್ತಿತ್ತು. "ಇನ್ನೂ ಎಷ್ಟು ದೂರ?" ಎಂದರೆ ಚಾಲಕ "ಬಂದೇಬಿಡ್ತು ಕಣಮ್ಮ" ಎನ್ನುತ್ತಲೇ ಇನ್ನಿಬ್ಬರನ್ನು ತುರುಕಿದ.

ಶೋಭಾ ಬ್ಯಾಗು ಕಟ್ಟಿಟ್ಟುಕೊಂಡೇ ಕಾದಿದ್ದಳು. "ಬೇಗ ಶುರು ಮಾಡಿ ಮೇಡಂ, ಐದಕ್ಕೆ ನನ್ ಬಸ್ಸು."

ಲ್ಯಾಪ್‌ಟಾಪ್ ತೆರೆದೆ. ಪರದೆಯ ಮೇಲೆ ಒಂದೊಂದೇ ಪದ ಬರುತ್ತದೆ. ಓದಿ ಗುಂಡಿ ಒತ್ತಿದರೆ ಮುಂದಿನದು. ಎಲ್ಲಿ ತಡವಾಯಿತೆಂದು ಯಂತ್ರ ಅಳೆಯುತ್ತದೆ. 'ತಾಯಿ ಮಗಳನ್ನು ಅಜ್ಜಿಗಿಂತ ಹೆಚ್ಚು ಪ್ರೀತಿಸುತ್ತಾಳೆ' ಎಂಬಂಥ ವಾಕ್ಯಗಳು. ಅಜ್ಜಿಯನ್ನು ಪ್ರೀತಿಸುವುದಕ್ಕಿಂತಲೋ, ಅಜ್ಜಿ ಪ್ರೀತಿಸುವುದಕ್ಕಿಂತಲೋ? ಜರ್ಮನ್‌ನಲ್ಲೂ ಹೀಗೆ ಎರಡರ್ಥ, ಅಲ್ಲಿ 'ಅಜ್ಜಿ' ಕೊನೆಗೆ ಬರುತ್ತಾಳೆ. ಓದುವವರು ಆ ಪದದಲ್ಲಿ ತಡೆದು ನಿಲ್ಲುತ್ತಾರೆಂಬುದು ನನ್ನ ಊಹೆ.

"ನಡುವೆ ಏಳಬಾರದು" ಎಂದು ಶೋಭಾಳಿಗೆ ತಾಕೀತು ಮಾಡಿದೆ. ಇದು ಪರೀಕ್ಷೆಯಲ್ಲವೆಂದು ಎಷ್ಟು ಹೇಳಿದರೂ ಅವಳಮ್ಮ ಟಿವಿ ಆರಿಸಿ ದೇವರಿಗೆ ದೀಪ ಹಚ್ಚಿದರು. ಒಳಕೋಣೆಯಲ್ಲಿ ಉಬ್ಬಸದ ಅಜ್ಜಿ ಒಂದೇ ಸಮನೆ ಕೆಮ್ಮುತ್ತಿದ್ದರು.

ಆ ವಾಕ್ಯ ಬಂತು. 'ಅಜ್ಜಿ' ಎಂಬ ಪದಕ್ಕೆ ಬಂದಾಗ ಗುಂಡಿಯ ಮೇಲೆ ಶೋಭಾಳ ಬೆರಳು ನಿಂತಿತು. ನಿಂತೇ ಇತ್ತು. ನನಗೆ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಅವಳು ಕುರ್ಚಿ ಬೀಳಿಸಿಕೊಂಡು ಒಳಗೋಡಿದಳು.

"ಅಜ್ಜೀ! ಕೆಮ್ಮು ಯಾಕೆ ನಿಂತೋಯ್ತು?"

ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ಮಂಚ ಹಿಡಿದು ನಡುಗುತ್ತಿದ್ದರು. ಶೋಭಾ ಸೆರಗು ಕಿತ್ತೆಳೆದಳು. ಕೆಮ್ಮು ಕಟ್ಟೆಯೊಡೆದು ಬಂತು.

"ಪ್ರಾಣ ಹೋಗಿದ್ರೆ ಏನ್ಮಾಡ್ತಿದ್ದೆ?"

"ನಿಂಗೆ ಪರೀಕ್ಷೆ ಅಲ್ವೇನೇ ಬಂಗಾರು," ಅಜ್ಜಿ ಏದುಸಿರು ಬಿಟ್ಟರು. "ನನ್ ಕೆಮ್ಮಿಂದ ತಪ್ಪಾಗ್ಬಾರ್ದು ಅಂತ."

ಯಂತ್ರಕ್ಕೆ ಇದೊಂದೂ ಗೊತ್ತಿಲ್ಲ. ಅದರ ಪ್ರಕಾರ ಶೋಭಾ ತಡೆದು ನಿಂತದ್ದು ಜರ್ಮನ್ ವಾಕ್ಯಕ್ಕೆ, ನನ್ನ ಊಹೆಯಂತೆಯೇ. ಆ ಅಳತೆಯನ್ನು ಇಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ಆದರೆ ಏಳಬಾರದೆಂಬ ನನ್ನ ಮಾತಿಗೆ ಕಟ್ಟುಬಿದ್ದು, ಕೆಮ್ಮು ಮತ್ತೆ ಬರಲೆಂದು ಅವಳು ಕಿವಿಗೊಟ್ಟು ಕಾದಿದ್ದ ಹೊತ್ತು ಅದು. ಮನಸ್ಸಿಲ್ಲದೆಯೇ ಅಳಿಸಿಹಾಕಿದೆ. ಅವಳ ಬಸ್ಸಿಗೆ ಹೊತ್ತಾಗಿತ್ತು, ಮತ್ತೆ ಓದಿಸುವಂತಿರಲಿಲ್ಲ.

ಹೊರಡುವಾಗ ಅಜ್ಜಿ ಕೈ ಹಿಡಿದರು. "ಪಾಸಾದ್ಲಾ ಮೇಡಂ?"

"ಪಾಸಾದ್ಲು ಅಜ್ಜಿ. ನೀವು ಕೆಮ್ಮಿ."

ಆಟೊ ಬೀದಿ ತಿರುಗುವವರೆಗೂ ಅವರ ಕೆಮ್ಮು ಜೋರಾಗಿ ಕೇಳಿಸುತ್ತಿತ್ತು.